ಅರ್ಜಿ ಒಂದು ಪುಟ, ಕೆಲಸ ಎರಡು ಸೆಮಿಸ್ಟರ್

ಎರಡು ವರ್ಷದ ಹಿಂದಿನ ಮಾತು. ಜೂನ್ ತಿಂಗಳ ಒಂದು ಭಾನುವಾರ ನಮ್ಮ ಸಂಘದ ಕಚೇರಿಗೆ ಠಾಣೆಯಿಂದ ಒಬ್ಬ ಮಹಿಳೆ ಫೋನ್ ಮಾಡಿದರು. "ಸರ್, ನಮ್ಮಮ್ಮ ನಿಮ್ಮ ಪತ್ರಿಕೆಗೆ ಒಂದು ಲೇಖನ ಬರೆದಿದ್ದರು. ಮದುವೆಯಾಗಿ ಊರಿಂದ ಲಾಲ್‌ಬಾಗಿನ ಚಾಳಿಗೆ ಬಂದ ಕಥೆ. ಅಮ್ಮ ಹೋಗಿ ಮೂರು ತಿಂಗಳಾಯಿತು. ಆ ಸಂಚಿಕೆ ಸಿಗಬಹುದಾ?"

ಯಾವ ವರ್ಷ ಎಂದು ಕೇಳಿದೆ. 2001ರ ದೀಪಾವಳಿ ಸಂಚಿಕೆ ಇರಬೇಕು ಎಂದರು. "ಹುಡುಕಿ ಹೇಳ್ತೀನಮ್ಮ" ಎಂದೆನಾದರೂ ಸಿಗುವುದಿಲ್ಲ ಎಂಬುದು ಆ ಮಾತು ಆಡುವಾಗಲೇ ನನಗೆ ಗೊತ್ತಿತ್ತು.

2005ರ ಜುಲೈ 26ನ್ನು ಮುಂಬಯಿಯವರು ಮರೆಯುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದ ದಿನ ಅದು. ನಮ್ಮ ಕಚೇರಿ ನೆಲಮಾಳಿಗೆಯ ಮೇಲಿನ ಅಂತಸ್ತಿನಲ್ಲೇನೂ ಇರಲಿಲ್ಲ, ರಸ್ತೆಯ ಮಟ್ಟದಲ್ಲೇ ಇತ್ತು. ಕಪಾಟಿನ ಕೆಳಗಿನ ಮೂರು ಅರೆಗಳಲ್ಲಿದ್ದ 1998ರಿಂದ ಈಚಿನ ಸಂಚಿಕೆಗಳೆಲ್ಲ ನೀರು ಕುಡಿದು ಮುದ್ದೆಯಾದವು. ಹಳೆಯವು ಮೇಲಿನ ಅರೆಗಳಲ್ಲಿದ್ದುದರಿಂದ ಉಳಿದವು. ಹೊಸವನ್ನು ಕೈಗೆ ಸಿಗಲಿ ಎಂದು ಕೆಳಗೆ ಇಟ್ಟವರು ನಾವೇ.

ಸದಸ್ಯರ ಮನೆಗಳಲ್ಲಿ ಹುಡುಕಿಸಿದಾಗ ನಾಲ್ಕು ಸಂಚಿಕೆ ಸಿಕ್ಕವು. ಆ ದೀಪಾವಳಿ ಸಂಚಿಕೆ ಅದರಲ್ಲಿ ಇರಲಿಲ್ಲ. ಮುಂಬಯಿಯ ಒಂದು ಕೋಣೆಯ ಮನೆಗಳಲ್ಲಿ ಹಳೆಯ ಪತ್ರಿಕೆ ಇಟ್ಟುಕೊಳ್ಳಲು ಜಾಗವಾದರೂ ಎಲ್ಲಿದೆ?

ಸೀಡಿ ಇದೆ, ಕನ್ನಡ ಇಲ್ಲ

ಆಗ ನೆನಪಾದವನು ಡೊಂಬಿವಲಿಯ ಡಿಟಿಪಿ ಹುಡುಗ. ಈಗ ಅವನಿಗೂ ತಲೆ ನರೆತಿದೆ. ಅಂಗಡಿ ಮುಚ್ಚಿ ಎಷ್ಟೋ ವರ್ಷವಾಗಿದ್ದರೂ ಹನ್ನೊಂದು ಸೀಡಿಗಳನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದ. ಅದರಲ್ಲಿ ಒಂಬತ್ತು ತೆರೆದವು. ದೀಪಾವಳಿ ಸಂಚಿಕೆಯೂ ಇತ್ತು!

ಸಂತೋಷ ಹತ್ತು ನಿಮಿಷವೂ ಉಳಿಯಲಿಲ್ಲ. ಕಡತ ತೆರೆದರೆ ಪರದೆಯ ಮೇಲೆ ಕಂಡದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರ, ಪೌಂಡ್ ಚಿಹ್ನೆ, ತಲೆಯ ಮೇಲೆ ಗೀಟು ಹಾಕಿಕೊಂಡ ಯಾವುದೋ ಯುರೋಪಿನ ಸ್ವರಗಳು. ತೊಂಬತ್ತರ ದಶಕದಲ್ಲಿ ಕಂಪ್ಯೂಟರಿನಲ್ಲಿ ಕನ್ನಡ ಟೈಪು ಮಾಡಿದ ಓದುಗರಿಗೆ ಇದರ ಪರಿಚಯ ಇದ್ದೇ ಇರುತ್ತದೆ.

ಕಾರಣ ಸರಳ. ಆಗಿನ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗೆ ಇದ್ದವು. ಕಂಪ್ಯೂಟರಿನ ಲೆಕ್ಕದಲ್ಲಿ ಅಲ್ಲಿರುವುದು ಇಂಗ್ಲಿಷಿನ 'ಪಿ', ಆದರೆ ಫಾಂಟು ಅದಕ್ಕೆ 'ಕ'ದ ದೇಹದ ವೇಷ ತೊಡಿಸುತ್ತಿತ್ತು. ಫಾಂಟು ಹೋದರೆ ವೇಷ ಕಳಚಿ ಬೀಳುತ್ತದೆ. ಯೂನಿಕೋಡ್ ಎಂಬ ಜಾಗತಿಕ ಶಿಷ್ಟತೆಯಲ್ಲಿ ಕನ್ನಡಕ್ಕೆ ಸ್ವಂತ ಮನೆ 1991ರಲ್ಲೇ ಸಿಕ್ಕಿತ್ತು. ಆದರೆ ವಿಂಡೋಸ್‌ಗೆ ಕನ್ನಡ ಬಂದದ್ದು 2001ರ ಎಕ್ಸ್‌ಪಿಯ ಹೊತ್ತಿಗೆ. ಪುಟ ಕಟ್ಟಲು ಎಲ್ಲರೂ ಬಳಸುತ್ತಿದ್ದ ಪೇಜ್‌ಮೇಕರ್‌ಗಂತೂ ಯೂನಿಕೋಡ್ ಕೊನೆಯವರೆಗೂ ಬರಲಿಲ್ಲ. ಹೀಗಾಗಿ ಒಂದು ಇಡೀ ಕಾಲದ ಕನ್ನಡ ಬರವಣಿಗೆ ಈ ಬಾಡಿಗೆ ಮನೆಯಲ್ಲೇ ಉಳಿದುಬಿಟ್ಟಿದೆ.

ನುಡಿ, ಬರಹಗಳಲ್ಲಿ ಟೈಪು ಮಾಡಿದ್ದನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಈಗ ಉಚಿತವಾಗಿಯೇ ಸಿಗುತ್ತವೆ. ನಮ್ಮ ದುರದೃಷ್ಟಕ್ಕೆ ಡೊಂಬಿವಲಿಯವನು ಬಳಸಿದ್ದು ಬೇರೊಂದು ಫಾಂಟು. ಅದರ ಅಕ್ಷರ ಜೋಡಣೆಯೇ ಬೇರೆ. ಇದ್ದ ಪರಿವರ್ತಕಗಳಿಗೆ ಹಾಕಿದರೆ ಒಂದು ಬಗೆಯ ಗೊಂದಲ ಇನ್ನೊಂದು ಬಗೆಯ ಗೊಂದಲವಾಗಿ ಹೊರಬಂತು.

ಮೊದಲ ಪತ್ರ

ಸಮಿತಿಯ ಸಭೆಯಲ್ಲಿ ಯಾರೋ ಹೇಳಿದರು, ನಗರದಲ್ಲಿ ವಿಶ್ವವಿದ್ಯಾಲಯ ಇದೆಯಲ್ಲ, ಅಲ್ಲಿ ಮಾಹಿತಿ ತಂತ್ರಜ್ಞಾನ ವಿಭಾಗ ಇದೆ, ಹುಡುಗರು ಪ್ರತಿವರ್ಷ ಪ್ರಾಜೆಕ್ಟ್ ಮಾಡಲೇಬೇಕು, ಕೇಳಿದರಾಯಿತು. ಬ್ಯಾಂಕಿನಲ್ಲಿ ಮೂವತ್ತೈದು ವರ್ಷ ಪತ್ರ ಬರೆದವನು ಎಂದು ಕೆಲಸ ನನಗೇ ಬಂತು.

ಆ ಪತ್ರದ ಪ್ರತಿ ಈಗಲೂ ನನ್ನಲ್ಲಿದೆ. ಓದಿದರೆ ನಾಚಿಕೆಯಾಗುತ್ತದೆ. ನೇರ ಕುಲಪತಿಗಳಿಗೆ ಬರೆದದ್ದು, ಎರಡು ಪುಟ. ಮೊದಲ ಪುಟದಲ್ಲಿ ಸಂಘದ ಇತಿಹಾಸ, ಬಂದುಹೋದ ಗಣ್ಯರು, ಕನ್ನಡದ ಎರಡು ಸಾವಿರ ವರ್ಷ. ಎರಡನೆಯ ಪುಟದ ಕೊನೆಗೆ ಒಂದು ಸಾಲು: ನಮ್ಮ ಪತ್ರಿಕೆಗಳನ್ನೆಲ್ಲ ಗಣಕೀಕರಣಗೊಳಿಸಲು ತಮ್ಮ ಮಾಹಿತಿ ತಂತ್ರಜ್ಞಾನ ವಿಭಾಗದ ಅಮೂಲ್ಯ ಸಹಕಾರವನ್ನು ಕೋರುತ್ತೇವೆ.

ನಾಲ್ಕು ವಾರ ಕಳೆದರೂ ಉತ್ತರವಿಲ್ಲ. ಬ್ಯಾಂಕಿನಲ್ಲಿ ಇಂಥ ಪತ್ರ ನನ್ನ ಮೇಜಿಗೆ ಬಂದಿದ್ದರೆ ನಾನೂ ಅದನ್ನು ತಳದಲ್ಲೇ ಇಡುತ್ತಿದ್ದೆ ಎಂಬುದು ಆಮೇಲೆ ಹೊಳೆಯಿತು. ಯಾರು, ಏನನ್ನು, ಎಷ್ಟು ದಿನದಲ್ಲಿ ಮಾಡಬೇಕು ಎಂದು ಅದರಲ್ಲಿ ಎಲ್ಲೂ ಇರಲಿಲ್ಲ.

ಜುಲೈ ಕೊನೆಯಲ್ಲಿ ಛತ್ರಿ ಹಿಡಿದು ನಾನೇ ಹೋದೆ. ವಿಭಾಗದ ಮುಖ್ಯಸ್ಥರು ಮರಾಠಿಯವರು. ಚಹಾ ತರಿಸಿದರು, ಪತ್ರ ಓದಿದರು, ಆಮೇಲೆ ಒಂದೊಂದೇ ಪ್ರಶ್ನೆ ಕೇಳಿದರು.

"ನೀವು ಕೊಡುವುದೇನು? ಕಾಗದವೋ, ಕಡತವೋ?"

"ಎರಡೂ ಇದೆ ಸರ್."

"ಎರಡೂ ಆಗುವುದಿಲ್ಲ. ಕಾಗದ ಸ್ಕ್ಯಾನ್ ಮಾಡಿ ಅಕ್ಷರ ಗುರುತಿಸುವುದು ಒಂದು ಕೆಲಸ, ಫಾಂಟು ಬದಲಿಸುವುದು ಇನ್ನೊಂದು. ಒಂದನ್ನು ಹೇಳಿ."

"ಫಾಂಟು."

"ಸರಿ. ಕೊನೆಗೆ ಬಂದ ಕನ್ನಡ ಸರಿಯಿದೆ ಎಂದು ನನಗೆ ಹೇಗೆ ಗೊತ್ತಾಗಬೇಕು? ನನಗೆ ಕನ್ನಡ ಬರುವುದಿಲ್ಲ. ಹುಡುಗರಿಗೂ ಬರುವುದಿಲ್ಲ. ಪರೀಕ್ಷಕರಿಗೂ ಬರುವುದಿಲ್ಲ. ನೋಡುವವರು ಯಾರು?"

ನನ್ನಲ್ಲಿ ಉತ್ತರ ಇರಲಿಲ್ಲ. ಆ ಮೇಷ್ಟ್ರು ಕಡ್ಡಿ ಮುರಿದಂತೆ ಹೇಳಿದರೂ ಒಳ್ಳೆಯ ಮಾತನ್ನೇ ಹೇಳಿದರು: ಹುಡುಗರ ಬಳಿ ಇರುವುದು ಎರಡು ಸೆಮಿಸ್ಟರ್. ಅದರಲ್ಲಿ ಬೇರೆ ಪರೀಕ್ಷೆ, ಕೆಲಸದ ಸಂದರ್ಶನ ಎಲ್ಲವೂ ಬರುತ್ತದೆ. ವಿಷಯ ಕೊಡಲು ಇನ್ನು ಹತ್ತು ದಿನ ಇದೆ. ಒಂದೇ ಪುಟದಲ್ಲಿ ಬರೆದುಕೊಂಡು ಬನ್ನಿ.

ಎರಡನೆಯ ಪತ್ರ

ಅಂದು ರಾತ್ರಿಯೇ ಸಮಿತಿಯ ಐದು ಜನ ಮಾಟುಂಗದ ಹೋಟೆಲಿನಲ್ಲಿ ಕೂತೆವು. ಎರಡು ಸುತ್ತು ಕಾಫಿಯಲ್ಲಿ ಪತ್ರ ತಯಾರಾಯಿತು. ಅದರಲ್ಲಿ ಇದ್ದದ್ದು ಇಷ್ಟೇ.

ನಮ್ಮ ಬಳಿ ಇಪ್ಪತ್ತಾರು ಸಂಚಿಕೆಗಳ ಪೇಜ್‌ಮೇಕರ್ ಕಡತಗಳಿವೆ, ಫಾಂಟಿನ ಮೂಲ ಕಡತವೂ ಇದೆ. ಇವನ್ನು ಯೂನಿಕೋಡ್ ಕನ್ನಡಕ್ಕೆ ಬದಲಿಸುವ ಒಂದು ತಂತ್ರಾಂಶ ಬೇಕು. ನಾಲ್ಕು ಸಂಚಿಕೆಗಳ ಅಚ್ಚಾದ ಪ್ರತಿ ಇದೆ. ಅದರ ಮೂವತ್ತು ಪುಟಗಳನ್ನು ನಾವೇ ಯೂನಿಕೋಡಿನಲ್ಲಿ ತಪ್ಪಿಲ್ಲದೆ ಟೈಪು ಮಾಡಿ ಕೊಡುತ್ತೇವೆ. ನಿಮ್ಮ ತಂತ್ರಾಂಶ ಕೊಟ್ಟದ್ದನ್ನು ಅದರ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿದರೆ ತಪ್ಪೆಷ್ಟು ಎಂದು ಕನ್ನಡ ಬಾರದವರಿಗೂ ಗೊತ್ತಾಗುತ್ತದೆ. ಪ್ರತಿ ಶನಿವಾರ ಮಧ್ಯಾಹ್ನ ಎರಡರಿಂದ ಐದರವರೆಗೆ ಕನ್ನಡ ಬಲ್ಲ ಇಬ್ಬರು ನಿಮ್ಮ ಪ್ರಯೋಗಾಲಯಕ್ಕೇ ಬರುತ್ತೇವೆ. ಹಣ ಕೊಡುವ ಶಕ್ತಿ ಸಂಘಕ್ಕಿಲ್ಲ. ಕೆಲಸ ಮುಗಿದಾಗ ವಿದ್ಯಾರ್ಥಿಗಳ ಹೆಸರು ಪ್ರತಿ ಸಂಚಿಕೆಯ ಮೊದಲ ಪುಟದಲ್ಲಿ ಇರುತ್ತದೆ.

ಮುಖ್ಯಸ್ಥರು ಓದಿ, "ಇದು ಪ್ರಾಜೆಕ್ಟ್" ಎಂದರು. ನಾಲ್ವರು ವಿದ್ಯಾರ್ಥಿಗಳು ಮುಂದೆ ಬಂದರು. ನಾಶಿಕದ ಹುಡುಗಿ, ಸಾಂಗಲಿಯ ಹುಡುಗ, ಒಬ್ಬಳು ಗುಜರಾತಿ, ಇನ್ನೊಬ್ಬನ ಮನೆಮಾತು ಹಿಂದಿ. ಸಾಂಗಲಿಯವನು ಮಾತ್ರ ಗಡಿಯ ಕಡೆ ಬಸ್ಸಿನ ಬೋರ್ಡುಗಳಲ್ಲಿ ಕನ್ನಡ ನೋಡಿದ್ದನಂತೆ. ಉಳಿದವರಿಗೆ ಅದೂ ಇಲ್ಲ.

ಮೂವತ್ತು ಪುಟ ಟೈಪು ಮಾಡುತ್ತೇವೆ ಎಂದು ಬರೆದುಕೊಟ್ಟೆವಲ್ಲ, ಅದಕ್ಕೆ ನಮಗೆ ಎರಡು ತಿಂಗಳು ಹಿಡಿಯಿತು. ಟೈಪು ಮಾಡಿದವರೆಲ್ಲ ಅರವತ್ತು ದಾಟಿದವರು. ಕರಡು ನೋಡಿದವರು ನಮ್ಮ ಮಾಸ್ತರು, ರಾತ್ರಿ ಶಾಲೆಯಲ್ಲಿ ಹೋಟೆಲ್ ಹುಡುಗರಿಗೆ ಕನ್ನಡ ಕಲಿಸಿ ನಿವೃತ್ತರಾದವರು. ಎಂಬತ್ತೆರಡರ ವಯಸ್ಸಿನಲ್ಲಿ ಭೂತಗನ್ನಡಿ ಹಿಡಿದು ಒಂದೊಂದು ಒತ್ತಕ್ಷರವನ್ನೂ ನೋಡಿದರು.

ಶನಿವಾರದ ಪಾಠ

ಅಕ್ಷರ ಬದಲಿಸುವುದು ಎಂದರೆ ಇದಕ್ಕೆ ಅದು ಎಂದು ಪಟ್ಟಿ ಮಾಡಿದರಾಯಿತು ಎಂದುಕೊಂಡಿದ್ದೆವು. ಹಾಗಲ್ಲ. ಹಳೆಯ ಫಾಂಟುಗಳಲ್ಲಿ ಇರುವುದು ಅಕ್ಷರವಲ್ಲ, ಅಕ್ಷರದ ತುಂಡುಗಳು. ನುಡಿಯ ಹಳೆಯ ಫಾಂಟನ್ನೇ ನೋಡಿ. 'ಕನ್ನಡ' ಎಂದು ಬರೆಯಲು ಏಳು ತುಂಡು ಬೇಕು: ಕ, ನ, ಡಗಳ ದೇಹ ಮೂರು, ತಲೆಕಟ್ಟು ಮೂರು, ನಕಾರದ ಒತ್ತು ಒಂದು. ಯೂನಿಕೋಡಿನಲ್ಲಿ ಅದೇ ಪದಕ್ಕೆ ಐದು ಸಂಕೇತ. ಅಲ್ಲಿ ತಲೆಕಟ್ಟು ಎಂಬುದೇ ಇಲ್ಲ. 'ಮ' ಇನ್ನೂ ವಿಚಿತ್ರ. ವಕಾರದ ದೇಹ, ಅದಕ್ಕೆ ತಲೆಕಟ್ಟು, ಪಕ್ಕದಲ್ಲಿ ಒಂದು ಕೊಂಬು ಸೇರಿಸಿದರೆ 'ಮ'. ನಾವು ಸ್ಲೇಟಿನಲ್ಲಿ ತಿದ್ದಿದ್ದೂ ಹಾಗೆಯೇ ಅಲ್ಲವೇ? ನಮ್ಮ ಸಂಘದ ಫಾಂಟಿನಲ್ಲೂ ಇಂಥದೇ ತುಂಡುಗಳು, ಆದರೆ ಬೇರೆ ಬೇರೆ ಮನೆಗಳಲ್ಲಿ.

ಎಲ್ಲಕ್ಕಿಂತ ತಲೆನೋವು ಅರ್ಕಾವತ್ತು. 'ಧರ್ಮ' ಎಂದು ಬರೆಯುವಾಗ ಅರ್ಕಾವತ್ತನ್ನು ನಾವು 'ಮ' ಆದ ಮೇಲೆ ಹಾಕುತ್ತೇವೆ, ಹಳೆಯ ಫಾಂಟಿನಲ್ಲಿ ಇದ್ದದ್ದೂ ಹಾಗೆಯೇ. ಯೂನಿಕೋಡ್ ನೋಡುವುದು ಉಚ್ಚಾರವನ್ನು, ಅಲ್ಲಿ ರಕಾರ ಮೊದಲು ಬರಬೇಕು. ಇದನ್ನು ಕನ್ನಡ ಬಾರದ ಮಕ್ಕಳಿಗೆ ಹೇಗೆ ಹೇಳುವುದು ಎಂದು ನಾನು ತಡವರಿಸುತ್ತಿದ್ದೆ. ನಾಶಿಕದ ಹುಡುಗಿ ಬೋರ್ಡಿನ ಮೇಲೆ ದೇವನಾಗರಿಯಲ್ಲಿ 'ಧರ್ಮ' ಎಂದು ಬರೆದು, 'ಮ'ದ ತಲೆಯ ಮೇಲಿನ ಕೊಕ್ಕೆಯನ್ನು ತೋರಿಸಿ, "ಅಂಕಲ್, ಇದೇ ತಾನೆ? ನಮ್ಮ ರಫಾರ" ಎಂದಳು. ಅದೇ. ಮರಾಠಿಯ ರಫಾರ ತಲೆಯ ಮೇಲೆ ಕೂರುತ್ತದೆ, ನಮ್ಮ ಅರ್ಕಾವತ್ತು ಪಕ್ಕದಲ್ಲಿ ಕೂರುತ್ತದೆ. ಎರಡೂ ಮುಂದಿನ ಅಕ್ಷರದ ಮನೆಗೆ ಹೋದ ರಕಾರಗಳೇ. ಅಂದಿನಿಂದ ಆ ಮಕ್ಕಳಿಗೆ ಕನ್ನಡದ ಭಯ ಹೋಯಿತು. ನನಗೆ ಅವರ ಬಗ್ಗೆ ಇದ್ದ ಸಂದೇಹವೂ ಹೋಯಿತು.

ಆದರೂ 'ಸಾಮರ್ಥ್ಯ'ದಲ್ಲಿ ಎಡವಿದರು. ಅಲ್ಲಿ ಥಕಾರಕ್ಕೆ ಯಕಾರದ ಒತ್ತು ಬೇರೆ ಇದೆ. ಅರ್ಕಾವತ್ತು ಒಂದು ಹೆಜ್ಜೆಯಲ್ಲ, ಇಡೀ ಗುಂಪನ್ನೇ ದಾಟಿ ಹಿಂದೆ ಹೋಗಬೇಕು. ಅದನ್ನು ಸರಿಪಡಿಸಲು ಮೂರು ಶನಿವಾರ ಬೇಕಾಯಿತು.

ಇನ್ನೊಂದು ತಪ್ಪನ್ನು ಹಿಡಿದವರು ಮಾಸ್ತರು. 'ಮುಂಬಯಿ' ಎಂದು ಹುಡುಕಿದರೆ ಅದೇ ಪದವಿರುವ ಪುಟ ಸಿಗುತ್ತಿರಲಿಲ್ಲ. ಕಣ್ಣಿಗೆ ಎಲ್ಲ ಸರಿಯೇ ಕಾಣುತ್ತಿತ್ತು. ಕೊನೆಗೆ ಗೊತ್ತಾಯಿತು, ಡೊಂಬಿವಲಿಯವನು ಎಷ್ಟೋ ಕಡೆ ಅನುಸ್ವಾರದ ಬದಲು ಕನ್ನಡ ಅಂಕಿಯ ಸೊನ್ನೆ ಒತ್ತಿದ್ದ. ನೋಡಲು ಎರಡೂ ಒಂದೇ. ಕಾಗದಕ್ಕೆ ಅದು ನಡೆಯುತ್ತದೆ, ಕಂಪ್ಯೂಟರಿಗೆ ನಡೆಯುವುದಿಲ್ಲ.

ಸೆಪ್ಟೆಂಬರಿನಲ್ಲಿ ಪುಟಕ್ಕೆ ಅರವತ್ತು ಎಪ್ಪತ್ತು ತಪ್ಪು ಇರುತ್ತಿತ್ತು. ಜನವರಿಯ ಹೊತ್ತಿಗೆ ನಾಲ್ಕೈದಕ್ಕೆ ಇಳಿಯಿತು. ಆಮೇಲೆ ನಾವು ಕೂತು ಓದಿ ತಿದ್ದುವ ಕೆಲಸ.

ಕೇಳದೆ ಸಿಕ್ಕದ್ದು

ಫೆಬ್ರುವರಿಯಲ್ಲಿ 2001ರ ದೀಪಾವಳಿ ಸಂಚಿಕೆ ಹೊರಬಂತು. ಠಾಣೆಯ ಆ ಮಹಿಳೆಗೆ ಫೋನ್ ಮಾಡಿ, "ಅಮ್ಮನ ಲೇಖನ ಸಿಕ್ಕಿದೆ, ಕಳಿಸಲಾ?" ಎಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮೆಲ್ಲಗೆ, "ಸರ್, ನನಗೆ ಕನ್ನಡ ಓದಲು ಬರುವುದಿಲ್ಲ. ಯಾರಿಂದಾದರೂ ಓದಿಸಿ ಕೇಳಬೇಕು" ಎಂದರು. ಮರಾಠಿ ಶಾಲೆಯಲ್ಲಿ ಕಲಿತವರು. ಮನೆಯಲ್ಲಿ ಕನ್ನಡ ಆಡಿದ್ದಾರೆ, ಅಕ್ಷರ ಕಲಿಯುವ ಸಂದರ್ಭ ಬರಲಿಲ್ಲ. ನಮ್ಮ ಮನೆಗಳಲ್ಲೂ ಅಂಥವರು ಎಷ್ಟು ಜನ ಇಲ್ಲ!

ಮುಂದಿನ ಶನಿವಾರ ಈ ಮಾತನ್ನು ಪ್ರಯೋಗಾಲಯದಲ್ಲಿ ಹೇಳಿದೆ. ಸಾಂಗಲಿಯವನು, "ಅದೇನು ದೊಡ್ಡ ಕೆಲಸ ಅಂಕಲ್" ಎಂದ. ಭಾರತೀಯ ಲಿಪಿಗಳಿಗೆಲ್ಲ ಒಂದೇ ಚೌಕಟ್ಟಿನ 'ಇಸ್ಕಿ' ಎಂಬ ಸಂಕೇತ ಪದ್ಧತಿ ಮೊದಲು ಇತ್ತು. ಯೂನಿಕೋಡ್ ಅದನ್ನೇ ಅನುಸರಿಸಿದ್ದರಿಂದ ದೇವನಾಗರಿಯ 'ಕ' ಅದರ ಕೋಷ್ಟಕದಲ್ಲಿ ಯಾವ ಜಾಗದಲ್ಲಿದೆಯೋ ಕನ್ನಡದ 'ಕ' ಕನ್ನಡದ ಕೋಷ್ಟಕದಲ್ಲಿ ಅದೇ ಜಾಗದಲ್ಲಿದೆ. ಒಂದು ನಿರ್ದಿಷ್ಟ ಸಂಖ್ಯೆ ಕಳೆದರೆ ಲಿಪಿ ಬದಲಾಗುತ್ತದೆ. ಪದ ಕನ್ನಡವೇ, ಬಟ್ಟೆ ಮಾತ್ರ ದೇವನಾಗರಿ. ಎರಡು ಗಂಟೆಯಲ್ಲಿ ಒಂದು ಬಟನ್ ಮಾಡಿ ತೋರಿಸಿದ. ಮರಾಠಿಗರಿಗೆ ಹ್ರಸ್ವ ಎ, ಒ ಓದಿ ಅಭ್ಯಾಸವಿಲ್ಲದ್ದರಿಂದ ಅವನ್ನು ದೀರ್ಘವಾಗಿಯೇ ಹಾಕಿದ. ಹಾಗಾಗಿ ಕೆರೆ 'ಕೇರೇ' ಆಗುತ್ತದೆ. ಆದರೆ ಕನ್ನಡ ಆಡುವವರಿಗೆ ಅದು ಕೆರೆ ಎಂದು ತಿಳಿಯದೆ ಹೋಗುವುದಿಲ್ಲ. ಳಕಾರಕ್ಕೆ ತೊಂದರೆಯೇ ಇಲ್ಲ, ಮರಾಠಿಯಲ್ಲೂ ಅದು ಇದೆ.

ಸಮಿತಿಯಲ್ಲಿ ಜಗಳವಾಯಿತು. "ಕನ್ನಡ ಸಂಘದ ಪತ್ರಿಕೆ ದೇವನಾಗರಿಯಲ್ಲಾ? ಇವತ್ತು ಲಿಪಿ ಬಿಟ್ಟರೆ ನಾಳೆ ಏನು ಬಿಡುತ್ತೇವೆ?" ಎಂದು ಒಬ್ಬರು ಎದ್ದೇ ಹೋದರು. ಅವರ ಮಾತಿನಲ್ಲೂ ನ್ಯಾಯವಿದೆ. ಓದಲು ಸುಲಭದ ದಾರಿ ಸಿಕ್ಕರೆ ಅಕ್ಷರ ಕಲಿಯುವವರು ಇನ್ನೂ ಕಡಿಮೆಯಾಗಬಹುದು. ಮಾಸ್ತರು ಬಹಳ ಹೊತ್ತು ಸುಮ್ಮನಿದ್ದರು. ಜೀವಮಾನವಿಡೀ ಅಕ್ಷರ ಕಲಿಸಿದವರು, ಖಂಡಿತ ಬೇಡ ಎನ್ನುತ್ತಾರೆ ಎಂದುಕೊಂಡೆ. "ಮೇಲೆ ಕನ್ನಡ ಇರಲಿ, ಅದರ ಕೆಳಗೆ ಸಾಲಿಗೆ ಸಾಲು ದೇವನಾಗರಿ ಇರಲಿ. ಆ ಹುಡುಗಿ ತಾಯಿಯ ಮಾತು ಓದಲಿ" ಎಂದರು. ಹಾಗೆಯೇ ಮಾಡಿದೆವು.

ಲೇಖನ ಕಳಿಸಿದ ಮರುದಿನ ಬೆಳಿಗ್ಗೆ ಆಕೆಯ ಫೋನು. ರಾತ್ರಿ ಮೂರು ಸಲ ಓದಿದರಂತೆ. ಬೆಳಗಿನ ನಾಲ್ಕು ಗಂಟೆಯ ನೀರಿನ ಸಾಲು, ಹನ್ನೊಂದು ಜನಕ್ಕೆ ಒಂದು ಕೋಣೆ, ಊರಿನ ನೆನಪಾದಾಗ ಗ್ಯಾಲರಿಯ ಮೂಲೆಗೆ ಹೋಗಿ ಅಳುತ್ತಿದ್ದುದು, ಇದಾವುದನ್ನೂ ಅಮ್ಮ ಮಕ್ಕಳಿಗೆ ಹೇಳಿರಲಿಲ್ಲವಂತೆ. ಆಮೇಲೆ, "ಸರ್, ಒಂದು ಕಡೆ ತಪ್ಪಿದೆ" ಎಂದರು. "ಪಕ್ಕದ ಕೋಣೆಯವರನ್ನು ಅಮ್ಮ 'ಹಾಯ್' ಎಂದು ಕರೆದರು ಅಂತ ಇದೆ. ನಮ್ಮಮ್ಮ ಕುಂದಾಪುರದವರು. ಅವರು ಯಾರಿಗೂ ಹಾಯ್ ಅಂದವರಲ್ಲ. ಅದು 'ಹ್ವಾಯ್'."

ಮುಖಕ್ಕೆ ಹೊಡೆದಂತಾಯಿತು. ಆ ಪುಟ ತಿದ್ದಿದವನು ನಾನೇ. ದಾವಣಗೆರೆ ಕಡೆಯವನಾದ ನನಗೆ 'ಹ್ವಾಯ್' ಎಂಬುದು ಯಂತ್ರದ ತಪ್ಪಿನ ಹಾಗೆ ಕಂಡಿತ್ತು. ಅರವತ್ತರ ದಶಕದ ಚಾಳಿನಲ್ಲಿ ನವವಧು ಒಬ್ಬಳು ಹಾಯ್ ಎನ್ನುವುದು ಹೇಗೆ ಎಂದು ಕೂಡ ಯೋಚಿಸಲಿಲ್ಲ. ಪುಣ್ಯಕ್ಕೆ ಮಕ್ಕಳು ತಂತ್ರಾಂಶ ಕೊಟ್ಟ ಪ್ರತಿಯನ್ನೂ ನಾವು ತಿದ್ದಿದ ಪ್ರತಿಯನ್ನೂ ಬೇರೆ ಬೇರೆ ಇಟ್ಟಿದ್ದರು. ತೆಗೆದು ನೋಡಿದರೆ ಅಲ್ಲಿ 'ಹ್ವಾಯ್' ಎಂದೇ ಇತ್ತು. ಕನ್ನಡ ಬಾರದವರು ಸರಿಯಾಗಿ ಉಳಿಸಿದ್ದನ್ನು ಕನ್ನಡ ಬಲ್ಲ ನಾನು ಕೆಡಿಸಿದ್ದೆ.

ನಿಮ್ಮ ಸಂಘವೂ ಕೇಳುವುದಾದರೆ

ಪುಣೆ, ಚೆನ್ನೈ, ಹೈದರಾಬಾದ್, ದೆಹಲಿಯ ಸಂಘಗಳ ಕಪಾಟುಗಳಲ್ಲೂ ಇಂಥ ಸೀಡಿಗಳು ಇರುತ್ತವೆ. ನಿಮ್ಮ ಊರಿನಲ್ಲೂ ಮಾಹಿತಿ ತಂತ್ರಜ್ಞಾನ ವಿಭಾಗಗಳಿವೆ. ಕೇಳಲು ಹೋಗುವವರಿಗೆ ನಮ್ಮ ಅನುಭವದಿಂದ ನಾಲ್ಕು ಮಾತು.

ಮೊದಲು ಸೀಡಿಯಲ್ಲಿರುವುದನ್ನು ಇಂದೇ ಬೇರೆ ಕಡೆ ನಕಲು ಮಾಡಿಟ್ಟುಕೊಳ್ಳಿ, ಫಾಂಟಿನ ಕಡತವನ್ನು ಮರೆಯಬೇಡಿ. ಫಾಂಟು ಇಲ್ಲದಿದ್ದರೆ ಯಾವ ಗುರುತು ಯಾವ ತುಂಡು ಎಂದು ತಿಳಿಯುವುದೇ ಕಷ್ಟ.

ಮೇ, ಜೂನಿನಲ್ಲೇ ಹೋಗಿ, ನೇರ ವಿಭಾಗದವರನ್ನೇ ಕಾಣಿ. ವಿಷಯ ಹಂಚಿಕೆಯಾದ ಮೇಲೆ ಹೋದರೆ ಒಂದು ವರ್ಷ ಕಾಯಬೇಕು. ಒಂದೇ ಕೆಲಸ ಕೇಳಿ. ಏನು ಕೊಡುತ್ತೀರಿ, ಏನು ಬೇಕು, ಸರಿಯೋ ತಪ್ಪೋ ನೋಡುವವರು ಯಾರು ಎಂದು ಬರೆಯಿರಿ. ಸಂಘದ ಇತಿಹಾಸ ಚಹಾ ಕುಡಿಯುವಾಗ ಹೇಳಿದರೆ ಸಾಕು.

ಲೇಖಕರ ಅನುಮತಿ ಪಡೆಯಿರಿ. ನಮ್ಮ ಕಾನೂನಿನಲ್ಲಿ ಬರಹದ ಹಕ್ಕು ಲೇಖಕರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಪತ್ರಿಕೆ ಸಂಘದ್ದು ಎಂದ ಮಾತ್ರಕ್ಕೆ ಲೇಖನವೂ ಸಂಘದ್ದಾಗಿಬಿಡುವುದಿಲ್ಲ. ನಾವು ಈಗ ಒಬ್ಬೊಬ್ಬರ ಮನೆಗೆ ಹೋಗಿ ಸಹಿ ತರುತ್ತಿದ್ದೇವೆ. ಅನುಮತಿ ಸಿಕ್ಕಿದ್ದನ್ನು ಮಾತ್ರ ಹೊರಗೆ ಹಾಕುತ್ತೇವೆ. ಹಳೆಯ ಸದಸ್ಯರ ವಿಳಾಸದ ಪುಟಗಳನ್ನು ತೆಗೆದಿದ್ದೇವೆ.

ಮಕ್ಕಳು ಮೇ ತಿಂಗಳಲ್ಲಿ ಪಾಸಾಗಿ ಹೋಗುತ್ತಾರೆ. ತಂತ್ರಾಂಶದ ಮೂಲ ಸಂಕೇತ, ಬಳಸುವ ವಿಧಾನದ ಬರಹ, ಮುಂದಿನವರು ತಿದ್ದಲು ಅನುಮತಿ, ಈ ಮೂರನ್ನು ಅದಕ್ಕೂ ಮೊದಲೇ ಕೇಳಿ ಪಡೆಯಿರಿ. ಇವನ್ನು ಕೊಡಲು ಕಾಲೇಜಿನ ನಿಯಮ ಏನು ಹೇಳುತ್ತದೆ ಎಂದು ಆರಂಭದಲ್ಲೇ ಕೇಳಿಕೊಂಡರೆ ಕೊನೆಗೆ ಮುಜುಗರವಿಲ್ಲ.

ನಮ್ಮ ನಾಲ್ವರೂ ಈಗ ಕೆಲಸದಲ್ಲಿದ್ದಾರೆ. ಸಾಂಗಲಿಯವನು ಬೆಂಗಳೂರಿನಲ್ಲಿದ್ದಾನೆ, ಬಸ್ಸಿನ ಬೋರ್ಡು ಓದಲು ಬರುತ್ತದೆ ಎಂದು ಮೆಸೇಜು ಹಾಕುತ್ತಾನೆ. ಠಾಣೆಯಾಕೆ ಪ್ರತಿ ಭಾನುವಾರ ಹನ್ನೊಂದಕ್ಕೆ ಕಚೇರಿಗೆ ಬರುತ್ತಾರೆ. ಮಾಸ್ತರ ಎದುರು ಕೂತು ಒತ್ತಕ್ಷರ ಕಲಿಯುತ್ತಿದ್ದಾರೆ. ಹೋದ ವಾರ ಹಕಾರಕ್ಕೆ ವಕಾರದ ಒತ್ತು ಬರೆದು ನನಗೆ ತೋರಿಸಿದರು.